ಫೋನಿಕ್ಸ್ ಜಾಲತಾಣ ನಿಜವಾಗಿ ಓದು ಕಲಿಸುತ್ತಿದೆಯೇ? ಪರೀಕ್ಷಿಸುವ ಬಗೆ

ಪ್ರಶ್ನೆ (ಶಿವಮೊಗ್ಗದ ಒಬ್ಬ ತಾಯಿ):

ಮೇಡಂ, ನಮಸ್ಕಾರ. ನನ್ನ ಮಗಳಿಗೆ ಐದು ವರ್ಷ, ಯುಕೆಜಿಯಲ್ಲಿದ್ದಾಳೆ. ಮನೆಮಾತು ಕನ್ನಡ, ಶಾಲೆ ಇಂಗ್ಲಿಷ್ ಮಾಧ್ಯಮದ್ದು. ಮನೆಯಲ್ಲಿ ಅಭ್ಯಾಸ ಮಾಡಿಸಲೆಂದು ಶಾಲೆಯವರು ಕೆಲವು ಫೋನಿಕ್ಸ್ (ಅಕ್ಷರಗಳ ಧ್ವನಿಗಳನ್ನು ಕೂಡಿಸಿ ಇಂಗ್ಲಿಷ್ ಓದಲು ಕಲಿಸುವ ಪದ್ಧತಿ) ಜಾಲತಾಣಗಳ ಪಟ್ಟಿ ಕಳುಹಿಸಿದ್ದಾರೆ. ಎಲ್ಲದರಲ್ಲೂ ಹಾಡು, ಆಟ, ನಕ್ಷತ್ರಗಳ ಬಹುಮಾನ ಇವೆ. ಮಗಳು ಖುಷಿಯಿಂದ ಆಡುತ್ತಾಳೆ. ಆದರೆ ಪುಸ್ತಕ ಕೊಟ್ಟರೆ ಚಿತ್ರ ನೋಡಿ ಊಹಿಸಿ ಹೇಳುತ್ತಾಳೆಯೇ ಹೊರತು ಓದುವುದಿಲ್ಲ. ಯಾವ ಜಾಲತಾಣ ನಿಜವಾಗಿ ಓದು ಕಲಿಸುತ್ತದೆ ಎಂಬುದನ್ನು ನಾವು ಗುರುತಿಸುವುದು ಹೇಗೆ? ಹಣ ಕೊಟ್ಟು ಸದಸ್ಯತ್ವ ಪಡೆಯುವುದು ಅಗತ್ಯವೇ?

ಉತ್ತರ (ಆರಂಭಿಕ ಓದು-ಬರಹದ ಶಿಕ್ಷಕ ತರಬೇತುದಾರರು):

ನಮಸ್ಕಾರ. ಚಿತ್ರ ನೋಡಿ ಊಹಿಸುವ ಅಭ್ಯಾಸವನ್ನು ಎಷ್ಟೋ ಸಲ ಜಾಲತಾಣಗಳೇ ಬೆಳೆಸುತ್ತವೆ. ಪರದೆಯ ಮೇಲೆ ಬೆಕ್ಕಿನ ಚಿತ್ರ, ಕೆಳಗೆ ಪದ, ಜೊತೆಗೆ ಆ ಪದವನ್ನು ಹೇಳುವ ದನಿ ಮೂರೂ ಒಟ್ಟಿಗೆ ಬಂದರೆ, ಮಗುವಿಗೆ ಅಕ್ಷರಗಳತ್ತ ಕಣ್ಣು ಹಾಯಿಸುವ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದ ಯಾವುದೇ ಜಾಲತಾಣ ನೋಡುವಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟು: ಇಲ್ಲಿ ಸರಿಯುತ್ತರ ಸಿಗಬೇಕಾದರೆ ಮಗು ಅಕ್ಷರಗಳ ಧ್ವನಿಗಳನ್ನು ತಾನೇ ಕೂಡಿಸಿ ಓದಲೇಬೇಕೇ, ಅಥವಾ ಓದದೆಯೂ ನಕ್ಷತ್ರ ಸಿಗುತ್ತದೆಯೇ? ಮಗಳ ಪಕ್ಕದಲ್ಲಿ ಕುಳಿತು, ಚಿತ್ರವನ್ನು ಅಂಗೈಯಿಂದ ಮುಚ್ಚಿ, ಸ್ಪೀಕರ್ ನಿಲ್ಲಿಸಿ, ಅದೇ ಆಟ ಆಡಿಸಿ ನೋಡಿ. ಆಗ ಅವಳ ಬಾಯಲ್ಲಿ ಏನು ಬರುತ್ತದೆಯೋ ಅದು ಆ ಜಾಲತಾಣ ಅಲ್ಲಿಯವರೆಗೆ ಕಲಿಸಿದ ಓದು.

ಎರಡನೆಯದು ಪಾಠದ ಕ್ರಮ. ನಮ್ಮ ಸರ್ಕಾರಿ ಶಾಲೆಗಳ ಒಂದನೇ ತರಗತಿಯಲ್ಲಿ 'ಅ ಆ ಇ ಈ' ಬದಲು 'ರ ಗ ಸ ದ ಅ' ಎಂದು ಆರಂಭಿಸುವುದನ್ನು ನೀವು ನೋಡಿರಬಹುದು. ಆ ಐದು ಅಕ್ಷರ ಬಂದ ಕೂಡಲೇ ಮಗು ಸರ, ಅರಸ, ಗರಗಸ ಎಂದು ನಿಜವಾದ ಪದಗಳನ್ನು ಓದಬಹುದು ಎಂಬುದೇ ಅದರ ಹಿಂದಿನ ವಿಚಾರ. ಇಂಗ್ಲಿಷ್ ಫೋನಿಕ್ಸಿನ ಒಳ್ಳೆಯ ಕಾರ್ಯಕ್ರಮಗಳೂ ಇದೇ ಕಾರಣಕ್ಕೆ ಎಬಿಸಿಡಿ ಕ್ರಮವನ್ನು ಬಿಟ್ಟು ಎಸ್, ಎ, ಟಿ, ಪಿ, ಐ, ಎನ್ ಅಕ್ಷರಗಳಿಂದ ಆರಂಭಿಸುತ್ತವೆ. ಸ್ಯಾಟ್, ಪಿನ್, ಟ್ಯಾಪ್, ಸಿಟ್ ಎಂದು ಹತ್ತಾರು ಪದಗಳು ಇಷ್ಟರಲ್ಲೇ ಸಿದ್ಧವಾಗುತ್ತವೆ. ಇಂಗ್ಲಿಷಿಗೆ ಅಕ್ಷರಗಳು 26 ಇದ್ದರೂ ಧ್ವನಿಗಳು ಸುಮಾರು 44 ಇರುವುದರಿಂದ, ಎರಡು ಅಕ್ಷರ ಸೇರಿ ಒಂದೇ ಧ್ವನಿ ಕೊಡುವ ಎಸ್‌ಎಚ್, ಸಿಎಚ್, ಡಬಲ್ ಇ ಮುಂತಾದವು ಎಲ್ಲೋ ಒಂದು ಹಂತದಲ್ಲಿ ಬರಲೇಬೇಕು. 'ಎ' ಇಂದ 'ಝೆಡ್' ವರೆಗೆ ಹಾಡಿಸಿ ಅಲ್ಲಿಗೇ ನಿಲ್ಲಿಸುವ ತಾಣ ಫೋನಿಕ್ಸ್ ಎಂಬ ಹೆಸರು ಇಟ್ಟುಕೊಂಡಿದ್ದರೂ ವರ್ಣಮಾಲೆಯನ್ನಷ್ಟೇ ಕಲಿಸುತ್ತದೆ. ಇದರ ಜೊತೆಗೇ ಇನ್ನೊಂದನ್ನು ನೋಡಿ: ಮಗುವಿಗೆ ಓದಲು ಕೊಡುವ ಪುಟ್ಟ ಕಥೆಗಳಲ್ಲಿ ಈಗಾಗಲೇ ಕಲಿಸಿದ ಧ್ವನಿಗಳೇ ಇವೆಯೇ? ಆರು ಅಕ್ಷರ ಕಲಿತ ಮಗುವಿನ ಮುಂದೆ 'ಎಲಿಫೆಂಟ್' ಎಂಬ ಪದವಿಟ್ಟರೆ ಅವಳಿಗೆ ಊಹಿಸುವುದೊಂದೇ ದಾರಿ.

ಮೂರನೆಯದು ದನಿ. ಕನ್ನಡದ ಮನೆಗಳಲ್ಲಿ ಹೆಚ್ಚು ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ನಮ್ಮ 'ಕ', 'ಟ', 'ಮ' ಅಕ್ಷರಗಳೊಳಗೆ 'ಅ'ಕಾರ ಸೇರಿಯೇ ಇರುತ್ತದೆ. ಅದೇ ರೂಢಿಯಲ್ಲಿ ನಾವು ಇಂಗ್ಲಿಷ್ 'ಟಿ' ಅಕ್ಷರದ ಧ್ವನಿಯನ್ನು 'ಟ' ಎಂದೂ 'ಪಿ' ಅಕ್ಷರದ್ದನ್ನು 'ಪ' ಎಂದೂ ಹೇಳಿಕೊಟ್ಟರೆ, ಮಗು 'ಟ–ಆ್ಯ–ಪ' ಎಂದು ಕೂಡಿಸಲು ಹೊರಟು 'ಟ್ಯಾಪ್' ಎಂಬಲ್ಲಿಗೆ ತಲುಪಲಾರದು. ಧ್ವನಿ ಶುದ್ಧವಾಗಿ 'ಟ್', 'ಆ್ಯ', 'ಪ್' ಎಂದು ಕೇಳಿಸಬೇಕು. ಅರ್ಧಾಕ್ಷರ ನಮ್ಮ ಲಿಪಿಯಲ್ಲೇ ಇರುವುದರಿಂದ, ನೀವು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಜಾಲತಾಣದ ದನಿಯೊಂದಿಗೆ ಹೋಲಿಸಬಹುದು. 'ಸ್', 'ಮ್', 'ನ್', 'ಫ್', 'ಲ್' ಧ್ವನಿಗಳನ್ನು ಉಸಿರು ಇರುವವರೆಗೂ ಎಳೆಯಬಹುದು; ಅವು 'ಸ', 'ಮ' ಎಂದು ಕೇಳಿಸುವ ತಾಣವನ್ನು ಬಿಟ್ಟುಬಿಡಿ. 'ಬ್', 'ಡ್', 'ಗ್' ಧ್ವನಿಗಳ ಬಾಲದಲ್ಲಿ ಕಿಂಚಿತ್ ಸ್ವರ ಉಳಿಯುವುದು ಸಹಜ, ಅದನ್ನು ದೋಷವೆಂದು ಎಣಿಸಬೇಕಿಲ್ಲ.

ಅಕ್ಷರಕ್ಕೆ ಜೋಡಿಸಿದ ಚಿತ್ರಗಳನ್ನೂ ಒಮ್ಮೆ ತಿರುವಿ ನೋಡಿ. 'ಐ' ಅಕ್ಷರಕ್ಕೆ ಐಸ್‌ಕ್ರೀಂ, 'ಜಿ' ಅಕ್ಷರಕ್ಕೆ ಜಿರಾಫೆ, 'ಎಸ್' ಅಕ್ಷರಕ್ಕೆ ಶಿಪ್, 'ಎಕ್ಸ್' ಅಕ್ಷರಕ್ಕೆ ಝೈಲೋಫೋನ್ ಇಟ್ಟಿದ್ದರೆ, ಆ ಅಕ್ಷರಕ್ಕೆ ಮೊದಲು ಕಲಿಸಬೇಕಾದ ಧ್ವನಿ ಆ ಪದದ ಆರಂಭದಲ್ಲಿ ಇಲ್ಲವೇ ಇಲ್ಲ. ಇಂಥ ಚಿತ್ರಗಳು ಮೇಲಿಂದ ಮೇಲೆ ಕಂಡರೆ ಆ ತಾಣವನ್ನು ಸಿದ್ಧಪಡಿಸುವಾಗ ಫೋನಿಕ್ಸ್ ಬಲ್ಲವರ ಕಣ್ಣು ಅದರ ಮೇಲೆ ಬಿದ್ದಿಲ್ಲ ಎಂದೇ ನಾನು ತೀರ್ಮಾನಿಸುತ್ತೇನೆ.

ಮಗಳು ಕಲಿತಿದ್ದಾಳೆಯೇ ಎಂದು ತಿಳಿಯಲು ಇಂಗ್ಲೆಂಡಿನ ಶಾಲೆಗಳ ಒಂದು ಕ್ರಮವನ್ನು ಅನುಸರಿಸಬಹುದು. ಅಲ್ಲಿ 2012ರಿಂದ 'ಇಯರ್ ಒನ್' ತರಗತಿಯ, ಅಂದರೆ ಐದಾರು ವರ್ಷ ವಯಸ್ಸಿನ, ಮಕ್ಕಳಿಗೆ ನಡೆಸುವ ಫೋನಿಕ್ಸ್ ಪರೀಕ್ಷೆಯಲ್ಲಿ 40 ಪದಗಳಿರುತ್ತವೆ. ಅವುಗಳಲ್ಲಿ 20 ಪದಗಳಿಗೆ ಅರ್ಥವೇ ಇಲ್ಲ. ಅರ್ಥವಿಲ್ಲದ ಪದವನ್ನು ಬಾಯಿಪಾಠ ಮಾಡಿಕೊಂಡು ಬಂದಿರಲು ಸಾಧ್ಯವಿಲ್ಲವಾದ್ದರಿಂದ, ಅಕ್ಷರ ಕೂಡಿಸಿ ಓದುವ ಮಗು ಯಾವುದು ಎಂಬುದು ಅಲ್ಲಿ ತಿಳಿಯುತ್ತದೆ. ನೀವೂ ಕಾಗದದ ಮೇಲೆ ಕಲಿತ ಅಕ್ಷರಗಳಿಂದಲೇ 'ಟ್ಯಾಸ್', 'ನಿಸ್' ಎಂಬಂಥ ಪದಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ. ಇವು ಸುಳ್ಳು ಪದಗಳೆಂದು ಮೊದಲೇ ಹೇಳಿ. ಇಲ್ಲದಿದ್ದರೆ ಮಗು ಗೊಂದಲಗೊಳ್ಳುತ್ತದೆ.

ಆದರೆ ಧ್ವನಿ ಕೂಡಿಸುವುದರಲ್ಲೇ ಓದು ಮುಗಿಯುವುದಿಲ್ಲ. ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ 2000ದಲ್ಲಿ ಕೊಟ್ಟ ವರದಿ ಧ್ವನಿಪ್ರಜ್ಞೆ (ಮಾತಿನೊಳಗಿನ ಬಿಡಿ ಧ್ವನಿಗಳನ್ನು ಕಿವಿಯಿಂದ ಗುರುತಿಸುವುದು), ಫೋನಿಕ್ಸ್, ನಿರರ್ಗಳ ಓದು, ಪದಸಂಪತ್ತು, ಗ್ರಹಿಕೆ ಎಂಬ ಓದಿನ ಐದು ಅಂಗಗಳನ್ನೂ ಪರಿಶೀಲಿಸಿತ್ತು. ಇಂಗ್ಲಿಷ್ ಮನೆಮಾತಾಗಿರುವ ಮಗು 'ನ್ಯಾಪ್' ಎಂದು ಕೂಡಿಸಿ ಓದಿದ ಕ್ಷಣವೇ ಅದಕ್ಕೆ ಅರ್ಥ ಹೊಳೆಯುತ್ತದೆ. ನಿಮ್ಮ ಮಗಳು ಅಷ್ಟೇ ಚೆನ್ನಾಗಿ ಓದಿದರೂ ಆ ಪದ ಅವಳಿಗೆ ಬರಿಯ ಸದ್ದಾಗಿ ಉಳಿಯಬಹುದು. ಈ ಜಾಲತಾಣಗಳಲ್ಲಿ ಹೆಚ್ಚಿನವು ಕನ್ನಡದ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದವಲ್ಲ. ಹಾಗಾಗಿ ಓದಿದ ಮೇಲೆ ಚಿತ್ರ ತೋರಿಸಿ ಅರ್ಥ ತಿಳಿಸುವ ತಾಣವನ್ನು ಆರಿಸಿ, ಮತ್ತು 'ಮಧ್ಯಾಹ್ನ ಅಜ್ಜಿ ಒಂದು ಸಣ್ಣ ನಿದ್ದೆ ಮಾಡ್ತಾರಲ್ಲ, ಅದು' ಎಂದು ನೀವೇ ಕನ್ನಡದಲ್ಲಿ ಹೇಳಿ. ಈ ಕೆಲಸವನ್ನು ಯಾವ ಜಾಲತಾಣವೂ ನಿಮ್ಮಷ್ಟು ಚೆನ್ನಾಗಿ ಮಾಡಲಾರದು.

ಹೆಸರು ಹೇಳಬೇಕೆಂದರೆ, 2002ರಿಂದ ನಡೆಯುತ್ತಿರುವ ಅಮೆರಿಕದ ಸ್ಟಾರ್‌ಫಾಲ್ ಮತ್ತು ಇಂಗ್ಲೆಂಡಿನ ಉಸ್ಬೋರ್ನ್ ಫೌಂಡೇಶನ್ ರೂಪಿಸಿದ ಟೀಚ್ ಯುವರ್ ಮಾನ್‌ಸ್ಟರ್ ಎರಡನ್ನೂ ಈ ಪರೀಕ್ಷೆಗಳಿಗೆ ಒಡ್ಡಿ ನೋಡಲು ಸೂಚಿಸುತ್ತೇನೆ. ಎರಡರಲ್ಲೂ ಹಣ ಕೊಡದೆ ಓದಬಹುದಾದ ಭಾಗವೇ ಸಾಕಷ್ಟಿದೆ, ಆದ್ದರಿಂದ ಸದಸ್ಯತ್ವಕ್ಕೆ ಅವಸರ ಬೇಡ. ಹಣ ಕೊಡುವುದೇ ಆದರೆ ಚಂದಾ ತಾನಾಗಿ ನವೀಕರಣವಾಗುತ್ತದೆಯೇ, ರದ್ದು ಮಾಡುವ ಗುಂಡಿ ಎಲ್ಲಿದೆ ಎಂದು ಮೊದಲು ನೋಡಿ. ಇದೇ ವಿಷಯದಲ್ಲಿ ಅಮೆರಿಕದ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಪ್ರಕರಣವನ್ನು ಎಬಿಸಿಮೌಸ್ ಎಂಬ ಮಕ್ಕಳ ಕಲಿಕಾ ತಾಣ ನಡೆಸುವ ಏಜ್ ಆಫ್ ಲರ್ನಿಂಗ್ ಸಂಸ್ಥೆ 2020ರಲ್ಲಿ 1 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಮಗುವಿನ ಪೂರ್ಣ ಹೆಸರು, ಜನ್ಮದಿನಾಂಕ, ಫೋಟೊ ಕೇಳುವ ತಾಣಕ್ಕೆ ಅವನ್ನು ಕೊಡಬೇಡಿ. ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತು ಸಲ್ಲದು ಎಂದು ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ.

ಮರುಪ್ರಶ್ನೆ (ಹುಬ್ಬಳ್ಳಿಯ ಒಬ್ಬ ತಂದೆ):

ಮೇಡಂ, ಒಂದು ತಾಣದಲ್ಲಿ ಅಮೆರಿಕದ ಉಚ್ಚಾರ, ಇನ್ನೊಂದರಲ್ಲಿ ಇಂಗ್ಲೆಂಡಿನದು. ಮಗನಿಗೆ ಇದರಿಂದ ತೊಂದರೆಯಾಗುವುದಿಲ್ಲವೇ?

ಉತ್ತರ:

ಸರ್, ಆರಂಭದ ಮೂರಕ್ಷರದ ಪದಗಳಲ್ಲಿ ಅಂಥ ತೊಂದರೆಯಾಗುವುದಿಲ್ಲ. ಮುಂದೆ 'ಕಾರ್', 'ಫಾರ್ಮ್' ಬಗೆಯ ಪದಗಳು ಬಂದಾಗ ಅಮೆರಿಕದ ದನಿಯಲ್ಲಿ 'ಆರ್' ಕೇಳಿಸುತ್ತದೆ, ಇಂಗ್ಲೆಂಡಿನ ದನಿಯಲ್ಲಿ ಸಾಮಾನ್ಯವಾಗಿ ಕೇಳಿಸುವುದಿಲ್ಲ. ಆ ಹಂತಕ್ಕೆ ಬರುವ ಮೊದಲು ಒಂದನ್ನೇ ಮುಖ್ಯವಾಗಿ ಇಟ್ಟುಕೊಳ್ಳಿ. ಶಾಲೆಯ ಶಿಕ್ಷಕಿ ಕಲಿಸುವ ಧ್ವನಿಗಳಿಗೆ ಯಾವುದು ಹತ್ತಿರವೋ ಅದು ಒಳ್ಳೆಯದು. 'ವಿ' ಮತ್ತು 'ಡಬ್ಲ್ಯು' ಧ್ವನಿಗಳು ನಮ್ಮ ಕಿವಿಗೆ ಎರಡೂ 'ವ್' ಎಂದೇ ಕೇಳಿಸುವುದರಿಂದ, ಮಗ ಅವನ್ನು ಬೆರೆಸಿದರೆ ಓದು ಬರುತ್ತಿಲ್ಲವೆಂದು ತಿಳಿಯಬೇಡಿ.

ಮರುಪ್ರಶ್ನೆ (ನ್ಯೂಜೆರ್ಸಿಯಲ್ಲಿರುವ ಒಬ್ಬ ತಂದೆ):

ನಮಸ್ಕಾರ ಮೇಡಂ. ನಮ್ಮ ಮಗ ಇಂಗ್ಲಿಷ್ ಓದುತ್ತಾನೆ, ಕನ್ನಡ ಮಾತನಾಡುತ್ತಾನೆ. ಈಗ ಕನ್ನಡ ಓದು ಕಲಿಸಬೇಕೆಂದಿದ್ದೇವೆ. ಕನ್ನಡದ ತಾಣಗಳನ್ನೂ ಹೀಗೆಯೇ ಪರೀಕ್ಷಿಸಬಹುದೇ?

ಉತ್ತರ:

ಬಹುಮಟ್ಟಿಗೆ ಹೌದು, ಆದರೆ ಅಳತೆ ಬದಲಾಗಬೇಕು. ಕನ್ನಡದ ಒಂದು ಅಕ್ಷರ ಒಂದು ಉಚ್ಚಾರಾಂಶವನ್ನು ಸೂಚಿಸುತ್ತದೆ. ವರ್ಣಮಾಲೆಯ 49 ಅಕ್ಷರಗಳಿಗೆ ಕಾಗುಣಿತ ಮತ್ತು ಒತ್ತಕ್ಷರಗಳು ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕರ್ನಾಟಕದ ಮಕ್ಕಳ ಓದನ್ನು ಅಧ್ಯಯನ ಮಾಡಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆ, ಈ ಅಕ್ಷರಜ್ಞಾನ ಪೂರ್ಣವಾಗಲು ಇಂಗ್ಲಿಷಿಗಿಂತ ಬಹಳ ಹೆಚ್ಚು ಕಾಲ, ಅಂದರೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳು, ಬೇಕಾಗುತ್ತವೆ ಎಂದು ತೋರಿಸಿತು. ಹಾಗಾಗಿ ಅ–ಅರಸ, ಆ–ಆನೆ ಎಂದು ತೋರಿಸಿ 'ಳ' ಬಂದಲ್ಲಿಗೆ ಮುಗಿಯುವ ತಾಣ ಹೊಸ್ತಿಲಿನವರೆಗೆ ಮಾತ್ರ ಕರೆತರುತ್ತದೆ. ಕಾಗುಣಿತವನ್ನು ಬರಿಯ ಸಾಲಾಗಿ ಹಾಡಿಸದೆ ಪದಗಳೊಳಗೆ ಓದಿಸುತ್ತಾರೆಯೇ, ಮ–ಯ, ಪ–ಷ, ಬ–ಭ ಜೋಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ತೋರಿಸುತ್ತಾರೆಯೇ, 'ಅಕ್ಕ', 'ಅಜ್ಜ', 'ಅಮ್ಮ' ಎಂಬ ಪರಿಚಿತ ಪದಗಳ ಮೂಲಕ ಒತ್ತಕ್ಷರಕ್ಕೆ ಬರುತ್ತಾರೆಯೇ ಎಂದು ನೋಡಿ. ನಿಮ್ಮ ಮಗನಿಗೆ ಮಾತು ಮೊದಲೇ ಬರುವುದು ದೊಡ್ಡ ಅನುಕೂಲ. ಓದಿದ ಪದ ಅವನಿಗೆ ಕೂಡಲೇ ಅರ್ಥವಾಗುತ್ತದೆ.

ಅಕ್ಷರ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಿಂದ ಮೊದಲ ಹಂತದ ಕನ್ನಡ ಕಥೆಗಳನ್ನು ಉಚಿತವಾಗಿ ಇಳಿಸಿಕೊಳ್ಳಿ. ಅವು ಅಕ್ಷರಕ್ರಮಕ್ಕೆ ತಕ್ಕಂತೆ ಬರೆದವಲ್ಲವಾದ್ದರಿಂದ, ಕೊಡುವ ಮೊದಲು ನೀವೇ ಒಮ್ಮೆ ಓದಿ, ಮಗನಿಗೆ ಇನ್ನೂ ಬಾರದ ಒತ್ತಕ್ಷರಗಳಿರುವ ಪದಗಳ ಕೆಳಗೆ ಗೆರೆ ಎಳೆಯಿರಿ. ಆ ಪದಗಳನ್ನು ನೀವು ಓದಿ, ಉಳಿದವನ್ನು ಅವನು ಓದಲಿ.