ಹಿತ್ತಲಿನ ಕೋಳಿ ಗೂಡು: ಕಟ್ಟಿದವರ ಅನುಭವ

ಕೇಳಿದವರು: ಮನೆಮಂದಿಯೆಲ್ಲ ಸೇರಿ ಆರು ಹೇಂಟೆಗಳನ್ನು ಸಾಕಲು ತೀರ್ಮಾನಿಸಿದ್ದೇವೆ. ಮರಿಗಳು ಬಂದು ತಿಂಗಳಾಯಿತು, ಇನ್ನೂ ಪೆಟ್ಟಿಗೆಯಲ್ಲೇ ಇವೆ. ಗೂಡನ್ನು ನಾವೇ ಕಟ್ಟುತ್ತೇವೆ. ಕಟ್ಟುವ ಮೊದಲೇ ಏನು ಗೊತ್ತಿದ್ದರೆ ಒಳ್ಳೆಯದಿತ್ತು ಎಂದು ನಿಮಗೆ ಈಗ ಅನ್ನಿಸುತ್ತದೆ?

ಉತ್ತರ: ಜಾಲರಿ. ಅದೊಂದರಲ್ಲಿ ಎಡವಿ ನಾನು ಒಂದೇ ರಾತ್ರಿಯಲ್ಲಿ ನಾಲ್ಕು ಕೋಳಿಗಳನ್ನು ಕಳೆದುಕೊಂಡೆ. ಆರು ಮೂಲೆಯ ಕಣ್ಣುಗಳಿರುವ ತೆಳು ತಂತಿಯ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ಆದರೆ ನಾಯಿಯನ್ನು ತಡೆಯುವುದಿಲ್ಲ. ಹಲ್ಲಿಗೆ ಸಿಕ್ಕಿದರೆ ಹರಿಯುತ್ತದೆ. ಈಗ ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಲರಿ ಬಳಸಿದ್ದೇನೆ, ಹೆಗ್ಗಣಕ್ಕೂ ದಾರಿಯಿಲ್ಲ. ಬರಿಯ ಮೊಳೆ ಸಾಲದು, ವಾಷರ್ ಕೊಟ್ಟು ಸ್ಕ್ರೂ ಬಿಗಿಯಿರಿ. ನೆಲ ಕೆರೆದು ನುಗ್ಗುವ ಪ್ರಾಣಿಗಳಿಗಾಗಿ ಗೋಡೆಯ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ಜಾಲರಿ ಹಾಸಿ, ಮೇಲೆ ಮಣ್ಣು ಮುಚ್ಚಿ. ಅವು ಕೆರೆಯುವುದು ಗೋಡೆಗೆ ತಾಗಿಯೇ. ಉಗುರಿಗೆ ತಂತಿ ಸಿಕ್ಕಿದರೆ ಹೆಚ್ಚಿನವು ಹಿಂದೆ ಸರಿಯುತ್ತವೆ. ಬಾಗಿಲಿಗೆ ಒಂದಲ್ಲ, ಎರಡು ಚಿಲಕ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಓಡಿ ತಪ್ಪಿಸಿಕೊಳ್ಳಲಾರದು. ರಾತ್ರಿ ಅದರ ಜೀವ ನಿಮ್ಮ ಚಿಲಕದ ಮೇಲೆಯೇ ನಿಂತಿರುತ್ತದೆ.

ಮತ್ತೊಬ್ಬರು: ಜಾಲರಿಯ ಮಾತು ನೂರಕ್ಕೆ ನೂರು ನಿಜ. ಆದರೆ ಭದ್ರತೆಯ ಭಯದಲ್ಲಿ ಗೂಡನ್ನು ಡಬ್ಬಿಯ ಹಾಗೆ ಮುಚ್ಚಿಬಿಡಬೇಡಿ, ನಾವು ಹಾಗೆ ಮಾಡಿದ್ದೆವು. ಬೆಳಿಗ್ಗೆ ಬಾಗಿಲು ತೆರೆದರೆ ಕಣ್ಣು ಉರಿಯುತ್ತಿತ್ತು. ಹಿಕ್ಕೆಯಿಂದೇಳುವ ಅಮೋನಿಯಾ ಅದು, ಕೋಳಿಯ ಶ್ವಾಸಕೋಶವನ್ನು ಕೆಡಿಸುತ್ತದೆ. ಮಾಡಿನ ಕೆಳಗೆ, ಕೋಳಿಗಳು ಕೂರುವ ಗಳಕ್ಕಿಂತ ಮೇಲೆ, ಎದುರುಬದುರು ಗಾಳಿಕಿಂಡಿ ಬಿಡಿ. ಬಿಸಿಗಾಳಿ, ತೇವ ಎರಡೂ ಅಲ್ಲಿಂದಲೇ ಹೋಗುತ್ತವೆ, ಮಲಗಿದ ಕೋಳಿಗೆ ನೇರ ಗಾಳಿ ಬಡಿಯುವುದಿಲ್ಲ. ಕೋಳಿಗೆ ಬೆವರುವುದು ಗೊತ್ತಿಲ್ಲ, ಬಾಯಿ ತೆರೆದು ಏದುಸಿರು ಬಿಡುವುದಷ್ಟೇ ಗೊತ್ತು. ಬಿಸಿಲಿಗೆ ಕಾಯುವ ತಗಡಿನ ಮಾಡಾದರೆ ಮೇಲೆ ನೆರಳು ಬೇಕೇ ಬೇಕು.

ಅಳತೆ ಹೇಳುವುದಾದರೆ, ಒಳಗೆ ಒಂದು ಕೋಳಿಗೆ 4 ಚದರ ಅಡಿ, ಹೊರಗೆ ಓಡಾಡಲು 10. ಆರಕ್ಕೆ 24 ಆಯಿತು. ಸಾಧ್ಯವಾದರೆ ಎಂಟು ಕೋಳಿಗಳ ಲೆಕ್ಕದಲ್ಲಿ ಕಟ್ಟಿ. ಇಕ್ಕಟ್ಟಾದರೆ ಒಂದನ್ನೊಂದು ಕುಕ್ಕಿ ಗಾಯ ಮಾಡುತ್ತವೆ, ಒಮ್ಮೆ ರಕ್ತ ಕಂಡರೆ ಬಿಡುವುದೇ ಇಲ್ಲ.

ಇನ್ನೊಬ್ಬರು: ಗುಡಿಸುವವರು ಯಾರೆಂದು ಮೊದಲೇ ಯೋಚಿಸಿ. ನಮ್ಮ ಮೊದಲ ಗೂಡಿಗೆ ಸೊಂಟದೆತ್ತರದ ಬಾಗಿಲು. ಮೂಲೆಗೆ ಕೈ ಎಟುಕದೆ ಬಿರುಕುಗಳಲ್ಲಿ ನುಸಿ ತುಂಬಿಕೊಂಡಿತು. ಹಗಲು ಅಡಗಿದ್ದು ರಾತ್ರಿ ಹೊರಬಂದು ರಕ್ತ ಹೀರುವ ಕೆಂಪು ನುಸಿ ಅದು. ಹಗಲಿಡೀ ಹುಡುಕಿದರೂ ಕೋಳಿಯ ಮೈಮೇಲೆ ಏನೂ ಕಾಣಲಿಲ್ಲ. ಕೊನೆಗೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಗಳದ ಅಡಿ ನೋಡಿದಾಗ ಗೊತ್ತಾಯಿತು. ಎರಡನೆಯ ಗೂಡನ್ನು ಆಳೆತ್ತರಕ್ಕೆ ಕಟ್ಟಿದೆವು. ಗಳಗಳನ್ನು ಎತ್ತಿ ತೆಗೆಯುವಂತೆ ಕೂರಿಸಿ, ತೊಳೆದು ಬಿಸಿಲಿಗಿಡಬಹುದು.

ಕೇಳಿದವರು: ಎಲ್ಲರಿಗೂ ಮನಸಾರೆ ಧನ್ಯವಾದ, ಚಿತ್ರವನ್ನು ಮತ್ತೆ ಬರೆಯಲು ಕುಳಿತಿದ್ದೇವೆ. ಮೊಟ್ಟೆಯಿಡುವ ಪೆಟ್ಟಿಗೆಗಳು ಎಷ್ಟು ಬೇಕು?

ಉತ್ತರ: ಆರಕ್ಕೆ ಎರಡು ಸಾಕು, ಒಂದೊಂದೂ ಒಂದಡಿ ಚೌಕ. ಗಳಕ್ಕಿಂತ ಕೆಳಗಿರಲಿ. ಕೋಳಿ ಮಲಗಲು ಅತಿ ಎತ್ತರದ ಜಾಗವನ್ನೇ ಹುಡುಕುತ್ತದೆ. ಪೆಟ್ಟಿಗೆ ಮೇಲಿದ್ದರೆ ಅಲ್ಲೇ ಮಲಗಿ ಹಿಕ್ಕೆ ಹಾಕಿ ಮೊಟ್ಟೆಯನ್ನು ಹೊಲಸು ಮಾಡುತ್ತದೆ. ಅವಸರವೇನೂ ಇಲ್ಲ, ಮೊದಲ ಮೊಟ್ಟೆಗೆ ಮರಿಗೆ ಐದಾರು ತಿಂಗಳಾಗಬೇಕು. ಮರಿಗಳನ್ನು ಹೊಸ ಗೂಡಿಗೆ ಬಿಟ್ಟ ಮೇಲೆ ಒಂದು ವಾರ ಹೊರಗೆ ಬಿಡಬೇಡಿ. ಆಮೇಲೆ ಸಂಜೆಯಾಗುತ್ತಲೇ ತಾವಾಗಿಯೇ ಒಳಗೆ ಬರುತ್ತವೆ, ನೀವು ಎಣಿಸಿ ಬಾಗಿಲು ಹಾಕಿದರಾಯಿತು.