ಕನ್ನಡಿ ಚಿತ್ರಕ್ಕೆ ಯಾವ ಕ್ರಿಯಾಪದ: ನೋಡು, ನೋಡಿಕೊ, ಕಾಣು?

ಸ್ಪೇನಿನ ವೆಲಾಸ್ಕೆಸ್ 1647–51ರ ಸುಮಾರಿಗೆ ಬರೆದ, ರೋಮನ್ನರ ಪ್ರೇಮದೇವತೆ ವೀನಸ್‌ಳ ಚಿತ್ರಕ್ಕೆ ಕನ್ನಡದಲ್ಲಿ ಚಿಕ್ಕ ವಿವರಣೆ ಬರೆಯುತ್ತಿದ್ದೇನೆ. ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಹೆಣ್ಣು ನಮಗೆ ಬೆನ್ನು ಮಾಡಿ ಮಲಗಿದ್ದಾಳೆ. ರೆಕ್ಕೆಯ ಬಾಲಕ ಕ್ಯುಪಿಡ್ ಎದುರಿಗೆ ಕನ್ನಡಿ ಹಿಡಿದಿದ್ದಾನೆ. ಅದರಲ್ಲಿ ಅವಳ ಮುಖ ಮಸುಕಾಗಿ ಕಾಣುತ್ತದೆ. ಇಷ್ಟರವರೆಗೆ ತೊಡಕಿಲ್ಲ. ಅವಳು ಏನು ಮಾಡುತ್ತಿದ್ದಾಳೆ ಎಂದು ಹೇಳಲು ಹೊರಟಾಗ ಕ್ರಿಯಾಪದ ಸಿಗುತ್ತಿಲ್ಲ.

'ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದಾಳೆ' ಎಂಬುದು ತಾನಾಗಿ ಬರುವ ವಾಕ್ಯ. ಆದರೆ ಬೆಳಕು ಹೋಗುವ ದಾರಿಯಲ್ಲೇ ಮರಳಿ ಬರಬಲ್ಲದು. ಅವಳ ಮುಖ ನಮಗೆ ಕಾಣುತ್ತಿದೆ ಎಂದ ಮೇಲೆ ಅವಳಿಗೆ ಆ ಕನ್ನಡಿಯಲ್ಲಿ ಕಾಣಬೇಕಾದದ್ದು ನಮ್ಮ ಮುಖ. ಮನಶ್ಶಾಸ್ತ್ರಜ್ಞರು 'ವೀನಸ್ ಪರಿಣಾಮ' ಎನ್ನುವುದು ನಾವು ಇದನ್ನು ಗಮನಿಸದೆ, ಅವಳು ತನ್ನನ್ನೇ ನೋಡುತ್ತಿದ್ದಾಳೆಂದು ನಂಬಿಬಿಡುವುದಕ್ಕೆ.

ತಲೆ ಬಾಚುವುದಕ್ಕೂ ಬಾಚಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ನಮಗೆಲ್ಲ ಗೊತ್ತು. 'ಕೊಳ್ಳು' ಸೇರಿದರೆ ಕೆಲಸ ಮಾಡಿದವಳತ್ತಲೇ ತಿರುಗುತ್ತದೆ. ಹಾಗಾಗಿ 'ನೋಡಿಕೊಳ್ಳು' ಎಂದು ಬರೆದರೆ ಅವಳು ತನ್ನ ಚೆಲುವಿಗೆ ತಾನೇ ಮರುಳಾದವಳು ಎಂಬ ತೀರ್ಪನ್ನೂ ಬರೆದಂತೆ. ಚಿತ್ರ ಅದನ್ನು ಹೇಳುತ್ತಿಲ್ಲ, ನನಗೂ ಹೇಳಲು ಇಷ್ಟವಿಲ್ಲ. ಇಟಲಿಯ ಚಿತ್ರಕಾರ ಬೆಲ್ಲಿನಿಯ 1515ರ ಚಿತ್ರದ ಮಾತು ಬೇರೆ. ವಿಯೆನ್ನಾದಲ್ಲಿರುವ ಆ ಚಿತ್ರದ ಯುವತಿ ಕೈಗನ್ನಡಿ ಹಿಡಿದು ತಲೆಯ ವಸ್ತ್ರ ಸರಿಪಡಿಸಿಕೊಳ್ಳುತ್ತಾಳೆ, ಹಿಂದಿನ ಗೋಡೆಯ ಕನ್ನಡಿ ನಮಗೆ ತೋರಿಸುವುದು ಅವಳ ತಲೆಯ ಹಿಂಭಾಗ ಮಾತ್ರ. ಅಲ್ಲಿ 'ನೋಡಿಕೊಳ್ಳು' ಸರಿಯಾಗಿ ಕೂರುತ್ತದೆ.

'ಕೊಳ್ಳು' ಬಿಟ್ಟು 'ಕನ್ನಡಿ ನೋಡುತ್ತಿದ್ದಾಳೆ' ಎಂದರೂ ಪಾರಾಗುವುದಿಲ್ಲ. ಬಳಕೆಯಲ್ಲಿ ಕನ್ನಡಿ ನೋಡುವುದೆಂದರೆ ತನ್ನನ್ನು ನೋಡಿಕೊಳ್ಳುವುದೇ. ಗಾಜನ್ನು ನೋಡುವುದು ಎಂದು ಯಾರೂ ಅರ್ಥ ಮಾಡುವುದಿಲ್ಲ. 'ಕನ್ನಡಿಯಲ್ಲಿ ಕಾಣುತ್ತಾಳೆ' ಎಂದರೆ ತಪ್ಪಿಲ್ಲ, ಆದರೆ ನೋಟವೇ ಹೋಯಿತು, ಅವಳು ಬರಿಯ ಬಿಂಬವಾದಳು. ಸದ್ಯಕ್ಕೆ 'ಕನ್ನಡಿಯೊಳಗಿಂದ ನಮ್ಮತ್ತ ನೋಡುತ್ತಿದ್ದಾಳೆ' ಎಂದು ಬರೆದಿಟ್ಟಿದ್ದೇನೆ. ಇದರಲ್ಲೂ ಒಂದು ಕೊರತೆ: ಮುಖ ಅಷ್ಟು ಮಸುಕಾಗಿರುವಾಗ ಕಣ್ಣು ನಮ್ಮ ಮೇಲಿದೆಯೆಂದು ಖಚಿತವಾಗಿ ಹೇಳುವುದು ಹೇಗೆ? 'ನಮ್ಮತ್ತ ಮುಖ ಮಾಡಿದ್ದಾಳೆ' ಎಂದರೆ ಬೆನ್ನು ಮಾಡಿ ಮಲಗಿದವಳ ವಿಷಯದಲ್ಲಿ ಗೊಂದಲ.

ಕನ್ನಡಿಯ ಮೂಲಕ ಇನ್ನೊಬ್ಬರ ಕಣ್ಣಿಗೆ ಕಣ್ಣು ಕೂಡುವುದಕ್ಕೆ ಹಳಗನ್ನಡ ಕಾವ್ಯದಲ್ಲಾಗಲಿ ಆಡುಮಾತಿನಲ್ಲಾಗಲಿ ಬೇರೆ ಪ್ರಯೋಗವಿದೆಯೇ? ಬಲ್ಲವರು ಉದಾಹರಣೆ ಸಮೇತ ತಿಳಿಸಬೇಕೆಂದು ಕೋರುತ್ತೇನೆ.