ಪಿಎಫ್, ಇಎಸ್‌ಐಗೂ ಅಂಕ ಕೊಡಬೇಕೇ?

ಪ್ರಶ್ನೆ (ಹಾಸನದಿಂದ):
ಹಾಸನದ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್ ಒಂದರಲ್ಲಿ ಮೂರು ವರ್ಷಗಳಿಂದ ಕೆಲಸಕ್ಕಿದ್ದೇನೆ; ವಯಸ್ಸು 24. ಮೂವತ್ತರ ಒಳಗಿನವರಿಗೆಲ್ಲ ಎಚ್‌ಆರ್ ವಿಭಾಗದವರು ಒಂದು ಫಾರಂ ಹಂಚಿ, ಕೆಲಸದ ವಾತಾವರಣಕ್ಕೂ ಸೌಲಭ್ಯಗಳಿಗೂ ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದ್ದಾರೆ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ವಿಮೆ), ಕಂಪನಿ ಬಸ್ಸು ಎಲ್ಲವೂ ಇವೆ. ಆದರೆ ವರ್ಷಕ್ಕೊಮ್ಮೆ ತೆರೆಯುವ ಹಾಸನಾಂಬೆಯ ಗುಡಿಗೆ ಅಜ್ಜಿಯನ್ನು ಕರೆದೊಯ್ಯಲು ಕಳೆದ ಸಲ ಒಂದು ದಿನದ ರಜೆ ಬರೆದುಕೊಟ್ಟಾಗ, ಸೂಪರ್‌ವೈಸರ್ ಚೀಟಿಯನ್ನು ಓದದೆಯೇ ನನ್ನ ಹೊಲಿಗೆ ಯಂತ್ರದ ಮೇಲಿಟ್ಟು, ‘ಮೊದಲು ಟಾರ್ಗೆಟ್ ಮುಗಿಸು’ ಎಂದು ಇಡೀ ಲೈನಿಗೆ ಕೇಳುವಂತೆ ಹೇಳಿ ಹೋದರು. ಹೀಗಿರುವಾಗ ಎಷ್ಟು ಅಂಕ ಕೊಟ್ಟರೆ ನ್ಯಾಯ?

ಉತ್ತರ (ಚಿಕ್ಕಮಗಳೂರಿನಿಂದ):
ನಾನು ಸಂಬಳದ ಲೆಕ್ಕ ಬರೆಯುವವನು. ಪಿಎಫ್, ಇಎಸ್‌ಐಗಳನ್ನು ಮೊದಲು ಸೌಲಭ್ಯದ ಪಟ್ಟಿಯಿಂದ ಹೊಡೆದುಹಾಕಿ. ಅವು ಕಾನೂನಿನ ಕಟ್ಟಳೆಯೇ ಹೊರತು ಮಾಲೀಕರ ಔದಾರ್ಯವಲ್ಲ. ತಿಂಗಳಿಗೆ 18,000 ರೂಪಾಯಿ ಪಡೆಯುವವರಿಂದ ಇಎಸ್‌ಐಗೆ ಶೇ 0.75ರಂತೆ 135 ರೂಪಾಯಿ ಕಡಿತವಾದರೆ, ಕಂಪನಿಯು ಶೇ 3.25ರಂತೆ 585 ರೂಪಾಯಿ ಕಟ್ಟಲೇಬೇಕು. ಪಿಎಫ್‌ಗೆ ಇಬ್ಬರ ಪಾಲೂ ಶೇ 12. ಕಂಪನಿಯ ಪಾಲಿನ ಆ 12ರಲ್ಲಿ 8.33 ಪಿಂಚಣಿಗೆ ಹೋಗುವುದರಿಂದ ಪಾಸ್‌ಬುಕ್ಕಿನಲ್ಲಿ ಆ ಅಂಕಣ ಬಡವಾಗಿ ಕಾಣುತ್ತದೆ. (ಅದನ್ನು ನೋಡಿ ಕಂಪನಿ ನುಂಗಿತೆಂದು ನನ್ನ ಮೇಜಿಗೆ ಬರುವ ಹುಡುಗರು ಪ್ರತಿ ವರ್ಷವೂ ಇದ್ದಾರೆ.) ಕಾನೂನು ಕೇಳದೆ ಕೊಟ್ಟದ್ದಕ್ಕೆ ಅಂಕ ಕೊಡಿ. ಬಸ್ಸು ಆ ಸಾಲಿಗೆ ಸೇರಬಹುದು.

ಉತ್ತರ (ಹಾಸನದಿಂದ):
ನಾನೂ ಇನ್ನೊಂದು ಕಡೆ ಲೈನ್ ಸೂಪರ್‌ವೈಸರ್ ಆಗಿರುವುದರಿಂದ ಬರೆಯುತ್ತಿದ್ದೇನೆ. ಲೈನಿನಲ್ಲಿ ಇಬ್ಬರು ಬಾರದಿದ್ದರೆ ಕಾಲರ್ ಕೂರಿಸುವಲ್ಲಿ ಬಂಡಲುಗಳು ರಾಶಿ ಬೀಳುತ್ತವೆ, ಗಂಟೆಗಂಟೆಯ ಲೆಕ್ಕ ಬರೆದ ಬೋರ್ಡಿನ ಮುಂದೆ ನಿಂತು ಬೈಸಿಕೊಳ್ಳುವವರು ನಾವು. ಆದ್ದರಿಂದ ರಜೆ ಕೊಡದಿರುವುದಕ್ಕೆ ಕಾರಣವಿದ್ದಿರಬಹುದು. ಎಲ್ಲರೆದುರು ಹಾಗೆ ಹೇಳಿದ್ದಕ್ಕೆ ಯಾವ ಕಾರಣವೂ ಇಲ್ಲ. ಎರಡನ್ನೂ ಒಂದೇ ಅಂಕದಲ್ಲಿ ಮುಗಿಸದೆ, ರಜೆಗೆ ಬೇರೆ, ಮಾತಿಗೆ ಬೇರೆ ಎಂದು ಬರೆಯಿರಿ. ಇಲ್ಲದಿದ್ದರೆ ‘ಈಗಿನ ಹುಡುಗರಿಗೆ ರಜೆಯದೇ ಚಿಂತೆ’ ಎಂದು ಮೇಲಿನವರು ಫಾರಂ ಮಡಚಿಡುತ್ತಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಬಸ್ಸಿಗೆ ನಾಲ್ಕು, ರಜೆಗೆ ಎರಡು, ಮಾತಿಗೆ ಒಂದು ಎಂದು ಬರೆದಿದ್ದೇನೆ. ಆದರೆ ಫಾರಂನ ಮೇಲ್ತುದಿಯಲ್ಲಿ ನಮ್ಮ ಗುರುತಿನ ಟೋಕನ್ ನಂಬರ್ ಬರೆಯಲೇಬೇಕಂತೆ. ನನ್ನ ಅಕ್ಕಪಕ್ಕದ ಯಂತ್ರದವರಿಬ್ಬರೂ ಎಲ್ಲಕ್ಕೂ ಐದು ಹಾಕಿ ಕೊಟ್ಟುಬಿಟ್ಟಿದ್ದಾರೆ. ನನ್ನದು ಇನ್ನೂ ಊಟದ ಬ್ಯಾಗಿನಲ್ಲೇ ಇದೆ.